ಶನಿವಾರದ ಇಂಟರ್ನ್‌ಶಿಪ್ ಸರ್

“ನಾಳೆಯಿಂದ ಈ ಹುಡುಗಿ ಬರದಿದ್ರೆ ನಿಮಗೆ ಎಂತ ತೊಂದ್ರೆ ಆಗುತ್ತೆ?”

ಸರ್ ಅವರ ಪರೀಕ್ಷೆಯಲ್ಲಿ ಇದ್ದದ್ದು ಇದೊಂದೇ ಪ್ರಶ್ನೆ. ಅದನ್ನೂ ವಿದ್ಯಾರ್ಥಿಗೆ ಕೇಳುತ್ತಿರಲಿಲ್ಲ. ವಿದ್ಯಾರ್ಥಿ ಕೆಲಸ ಮಾಡಿದ ಅಂಗಡಿಯವರನ್ನೋ, ಗ್ಯಾರೇಜಿನವರನ್ನೋ, ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನೋ ಕೇಳುತ್ತಿದ್ದರು. ಕೇಳಿ, ಅವರು ಕೊಟ್ಟ ಕಾಫಿಯನ್ನು ಊದಿ ಊದಿ ಕುಡಿಯುತ್ತಾ ಉತ್ತರಕ್ಕೆ ಕಾಯುತ್ತಿದ್ದರು. ಹುಡುಗಿಯೋ ಹುಡುಗನೋ ಪಕ್ಕದಲ್ಲಿ ಬೆವರುತ್ತಾ ನಿಂತಿರುತ್ತಿತ್ತು. “ಒಳ್ಳೆ ಹುಡುಗಿ ಸಾರ್, ತುಂಬಾ ಸಿನ್ಸಿಯರ್ರು” ಎಂದು ಯಾರಾದರೂ ಹೊಗಳಿದರೆ ಇವರು ಕೈ ಅಡ್ಡ ಹಿಡಿದು, “ಅದು ಗೊತ್ತುಂಟು. ತೊಂದ್ರೆ ಎಂತ ಅಂತ ಹೇಳಿ” ಎನ್ನುತ್ತಿದ್ದರು.

ನಾನು ಕಲಿಸುವುದು ಮೂಡಿಗೆರೆಯ ಒಂದು ಕಾಲೇಜಿನಲ್ಲಿ. ಬಿಬಿಎ ಕೊನೆಯ ಸೆಮಿಸ್ಟರಿನ ಮಕ್ಕಳು ಯಾವುದಾದರೂ ವ್ಯವಹಾರದ ಜಾಗದಲ್ಲಿ ಕೆಲವು ವಾರ ಕೆಲಸ ಮಾಡಿ ಬರಬೇಕು. ಅದಕ್ಕೆ ಇಂಟರ್ನ್‌ಶಿಪ್ ಎಂದು ಹೆಸರು, ಅದಕ್ಕೊಂದಿಷ್ಟು ಕ್ರೆಡಿಟ್. ಆ ಕ್ರೆಡಿಟ್ ಕೂಡದಿದ್ದರೆ ಡಿಗ್ರಿ ಕೈಗೆ ಬರುವುದಿಲ್ಲ. ಬೆಂಗಳೂರಿನ ಕಾಲೇಜುಗಳ ಮಕ್ಕಳಿಗೆ ಕಂಪನಿಗಳಿವೆ, ಎಸಿ ಇವೆ, ಕುತ್ತಿಗೆಗೆ ನೇತುಹಾಕಿಕೊಳ್ಳುವ ಟ್ಯಾಗುಗಳಿವೆ. ನಮ್ಮ ಮಕ್ಕಳಿಗೆ ಏನಿದೆ? ಎಸ್ಟೇಟು, ಹೋಂಸ್ಟೇ, ಗೊಬ್ಬರದ ಅಂಗಡಿ, ಕಾಫಿ ಪುಡಿ ಮಿಲ್ಲು. ಹೆಚ್ಚಿನ ಕಡೆ ಸೋದರಮಾವನ ಅಂಗಡಿಯ ಸೀಲು ಒತ್ತಿಸಿಕೊಂಡು ಬಂದರೆ ಕೆಲಸ ಮುಗಿಯುತ್ತದೆ. ನಮ್ಮಲ್ಲೂ ಮುಗಿಯುತ್ತಿತ್ತು, ಇವರು ಇಲ್ಲದಿದ್ದರೆ.

ಇವರು ಕಾಲೇಜಿನ ಅತಿಥಿ ಉಪನ್ಯಾಸಕರು. ವಯಸ್ಸು ಐವತ್ತು ದಾಟಿ ಎಷ್ಟೋ ಆಗಿದ್ದರೂ ಕಾಯಂ ಆಗಿರಲಿಲ್ಲ. ಪ್ರತಿ ವರ್ಷ ಬಿಡುಗಡೆ, ಪ್ರತಿ ವರ್ಷ ಮತ್ತೆ ಅರ್ಜಿ. ನಾನು ಕಡೂರಿನ ಒಣ ಹವೆಯಿಂದ ವರ್ಗವಾಗಿ ಬಂದವಳು. ಬಂದ ಮೊದಲ ದಿನವೇ ಮಳೆಗೆ ಬೈಯುತ್ತಾ ಸ್ಟಾಫ್ ರೂಮಿಗೆ ನುಗ್ಗಿದಾಗ, ಗೋಡೆ ಬದಿಯ ಬೆಂಚಿನಿಂದ ಒಬ್ಬರು ಎದ್ದು ನನ್ನ ಕೈಗೆ ಕೊಡೆ ಕೊಟ್ಟರು. “ಇಟ್ಕೊಳ್ಳಿ ಮೇಡಂ, ನನ್ನ ಹತ್ರ ಇನ್ನೊಂದುಂಟು.” ಯಾವಾಗಲೂ ಅವರ ಹತ್ತಿರ ಇನ್ನೊಂದು ಕೊಡೆ ಇರುತ್ತಿತ್ತು. ಒಂದು ತಮಗೆ, ಒಂದು ಮರೆತು ಬಂದವರಿಗೆ. ಕೊಟ್ಟ ಕೊಡೆ ವಾಪಸು ಬಂತೋ ಇಲ್ಲವೋ ಎಂದು ಅವರು ಕೇಳಿದ್ದನ್ನು ನಾನು ಕಾಣೆ. ಆ ಕೊಡೆ ಈಗಲೂ ನನ್ನಲ್ಲೇ ಇದೆ.

ಕುಳ್ಳಗಿನ, ತೆಳ್ಳಗಿನ ಮನುಷ್ಯ. ವರ್ಷದ ಬಹುಪಾಲು ಒಂದು ಹಸಿರು ಸ್ವೆಟರು. ಮಾತು ಬಹಳ ಮೆತ್ತಗೆ. ಹಿಂದಿನ ಬೆಂಚಿನವರು ಮುಂದೆ ಬಂದು ಕೂರುತ್ತಿದ್ದುದು ಭಕ್ತಿಯಿಂದಲ್ಲ, ಕೇಳಿಸದೆ. ಸ್ಟಾಫ್ ರೂಮಿನಲ್ಲಿ ಕಾಯಂ ಇರುವ ನಮಗೆಲ್ಲ ಕುರ್ಚಿ, ಮೇಜು, ಬೀಗವಿರುವ ಡ್ರಾಯರು. ಅತಿಥಿಗಳಿಗೆ ಆ ಬೆಂಚು. ಅವರು ಅದರ ತುದಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು, ಇನ್ನೇನು ಬಸ್ಸು ಬರುತ್ತದೆ ಎನ್ನುವವರ ಹಾಗೆ. ಖಾಲಿ ಕುರ್ಚಿ ತೋರಿಸಿದರೂ ಕೂರುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. “ಏನ್ರೀ ಸರ್ ನೀವು, ಕುರ್ಚಿ ಕಚ್ಚುತ್ತಾ?” ಎಂದು ಒಮ್ಮೆ ರೇಗಿದೆ. ನಕ್ಕು, “ಅಭ್ಯಾಸ ಆದ್ರೆ ಕಷ್ಟ ಮೇಡಂ” ಎಂದರು.

ಇಂಟರ್ನ್‌ಶಿಪ್ ಉಸ್ತುವಾರಿ ಅವರ ಹೆಗಲಿಗೆ ಬಿದ್ದದ್ದು ಬೇರೆ ಯಾರಿಗೂ ಬೇಡವಾಗಿದ್ದರಿಂದ. ನಾವು ಬೇಡವೆಂದು ದೂಡಿದ್ದನ್ನು ಅವರು ಎರಡೂ ಕೈಯಲ್ಲಿ ಹಿಡಿದುಕೊಂಡರು. ಯಾವ ಮಾಲೀಕರಿಗೂ ಕಾಲೇಜಿನ ಪತ್ರ ಕಳಿಸಿ ಸುಮ್ಮನಾಗುತ್ತಿರಲಿಲ್ಲ, ತಾವೇ ಹೋಗುತ್ತಿದ್ದರು. ಶನಿವಾರ ಮಧ್ಯಾಹ್ನ ಪಾಠ ಮುಗಿಸಿ ಬಸ್‌ಸ್ಟ್ಯಾಂಡಿಗೆ ನಡೆದು, ಬಾಳೂರಿಗೋ ಇನ್ನೆಲ್ಲಿಗೋ ಹೋಗುವ ಜೀಪಿನ ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಿಕೊಂಡು ಕೂತರೆ, ಒಂದು ವಾರ ಗ್ಯಾರೇಜು, ಇನ್ನೊಂದು ವಾರ ಕಳಸದ ದಾರಿಯ ಎಸ್ಟೇಟು, ಮತ್ತೊಂದು ವಾರ ಗೋಣಿಬೀಡು. ಊರಿನ ಅರ್ಧ ಜನಕ್ಕೆ ಅವರ ಹೆಸರು ಗೊತ್ತಿರಲಿಲ್ಲ. ‘ಇಂಟರ್ನ್‌ಶಿಪ್ ಸರ್’ ಎಂದರೆ ಎಲ್ಲರಿಗೂ ಗೊತ್ತು.

ಗೋಣಿಬೀಡಿನ ಬಟ್ಟೆ ಅಂಗಡಿಯ ಮಾಲೀಕರು ಒಮ್ಮೆ ಆ ಪ್ರಶ್ನೆಗೆ ಉತ್ತರ ಕೊಟ್ಟದ್ದು ನಮ್ಮಲ್ಲಿ ಬಹಳ ದಿನ ನಗೆಯ ವಿಷಯವಾಗಿತ್ತು. “ರಕ್ಷಿತ್ ಬರದಿದ್ರಾ? ಎಂತ ತೊಂದ್ರೆಯೂ ಇಲ್ಲ ಸಾರ್. ಆರಾಮಾಗಿರ್ತೀವಿ.” ಬೇರೆಯವರಾಗಿದ್ದರೆ ಹುಡುಗನನ್ನು ಫೇಲು ಮಾಡುತ್ತಿದ್ದರು, ಇಲ್ಲವೇ ಪಾಪ ಎಂದು ಪಾಸು ಮಾಡುತ್ತಿದ್ದರು. ಇವರು ಹುಡುಗನನ್ನು ಬಸ್ಸಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಬಂದು, ಇನ್ನೂ ಕೆಲವು ವಾರ ಅದೇ ಅಂಗಡಿಗೆ ಅಟ್ಟಿದರು. ಮತ್ತೆ ಹೋಗಿ ಅದೇ ಪ್ರಶ್ನೆ. ಈ ಸಲ ಮಾಲೀಕರು ತಲೆ ಕೆರೆದುಕೊಂಡು, “ಸಂತೆ ದಿನ ಸ್ವಲ್ಪ ಕಷ್ಟ ಆಗುತ್ತೆ ಸಾರ್. ಹೆಂಗಸರು ಸೀರೆ ನೋಡ್ತಾ ಕೂತ್ರೆ ನಾನು ರೇಗ್ತೇನೆ, ಇವ್ನು ರೇಗಲ್ಲ” ಎಂದರಂತೆ. ಪೂರ್ತಿ ಅಂಕ. ಹೊರಗಿನಿಂದ ಬಂದ ಪರೀಕ್ಷಕರು, ಇದು ಯಾವ ಮಾನದಂಡ, ಯಾವ ಪುಸ್ತಕದಲ್ಲಿದೆ ಎಂದು ಹಾರಾಡಿದರು. ಇವರು ತಲೆ ತಗ್ಗಿಸಿ ಕೇಳಿಸಿಕೊಂಡು ಅಂಕವನ್ನು ಮಾತ್ರ ಬದಲಾಯಿಸಲಿಲ್ಲ.

ಅವರಿಗೆ ಇನ್ನೊಂದು ನಿಯಮವಿತ್ತು. ಅದು ಈ ಬೆಟ್ಟಗಳಲ್ಲಿ ಬದುಕಿದವರಿಗೆ ಮಾತ್ರ ಹೊಳೆಯುವಂಥದ್ದು. ಬೇಸಿಗೆಯಲ್ಲಿ ಹೂಮಳೆ ಬಿದ್ದ ವಾರ ಯಾರ ಅಭಿಪ್ರಾಯವನ್ನೂ ಕೇಳಬಾರದು, ಕೇಳಿದರೂ ನಂಬಬಾರದು. ಕಾಫಿ ಗಿಡ ಹೂ ಬಿಡಬೇಕಾದರೆ ಆ ಒಂದು ಮಳೆ ಹದಕ್ಕೆ ಬೀಳಬೇಕು. ಬೀಳುವವರೆಗೆ ಬೆಳೆಗಾರರು ಆಕಾಶ ನೋಡುತ್ತಾ ಕಂಡವರ ಮೇಲೆಲ್ಲ ಸಿಡುಕುತ್ತಿರುತ್ತಾರೆ. ಬಿದ್ದ ಮೇಲೆ ಎಲ್ಲರೂ ಧರ್ಮರಾಯರೇ. ಇವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಳೆ ಬಿದ್ದ ಮಾರನೇ ದಿನ ಒಂದು ಸುತ್ತು ಹಾಕಿ ಬಂದು ಇಡೀ ತರಗತಿಗೆ ಪೂರ್ತಿ ಅಂಕ ಕೊಟ್ಟುಬಿಟ್ಟಿದ್ದರಂತೆ. “ಒಬ್ರು ಪ್ಲಾಂಟರು, ಎರಡೇ ದಿನ ಬಂದ ಹುಡುಗನಿಗೆ ‘ನನ್ನ ಬಲಗೈ’ ಅಂದ್ರು ಮೇಡಂ. ನಾನೂ ಬರ್ಕೊಂಡೆ. ಮಳೆಯ ಖುಷಿ ಅಂತ ಆಮೇಲೆ ಗೊತ್ತಾಯ್ತು.” ಆಮೇಲೆ ಎಂದೂ ಹೂಮಳೆಯ ವಾರ ಅವರು ಆ ಪ್ರಶ್ನೆಯನ್ನು ಎತ್ತಲಿಲ್ಲ. ಎತ್ತಲೇಬೇಕಾಗಿ ಬಂದರೆ, ವಾರ ಕಳೆದು ಮತ್ತೆ ಹೋಗಿ ಕೇಳುತ್ತಿದ್ದರು. ಎರಡನೇ ಸಲದ ಉತ್ತರವೇ ಲೆಕ್ಕಕ್ಕೆ.

ಅವರ ಮನೆಯ ವಿಷಯ ನನಗೆ ಹೆಚ್ಚು ಗೊತ್ತಿಲ್ಲ. ಮದುವೆಯಾಗಿರಲಿಲ್ಲ. ತೀರ್ಥಹಳ್ಳಿ ಕಡೆ ಊರು. ತಾಯಿ ಇರುವವರೆಗೆ ಹೋಗಿ ಬರುತ್ತಿದ್ದರಂತೆ. ಮೂಡಿಗೆರೆಯಲ್ಲಿ ಒಬ್ಬ ಟೈಲರ ಅಂಗಡಿಯ ಮೇಲಿನ ಕೋಣೆ. ಒಮ್ಮೆ ನಾನು, “ಮನೇಲಿ ಯಾರ್ಯಾರಿದೀರಿ?” ಎಂದು ಎಲ್ಲರನ್ನೂ ಕೇಳುವ ಹಾಗೆ ಕೇಳಿದೆ. “ಇದ್ದೇವೆ” ಎಂದರು. ಒಬ್ಬರೇ ಇರುವವರು ‘ಇದ್ದೇವೆ’ ಎಂದದ್ದು ನನಗೆ ತಿಳಿದದ್ದು ತಿಂಗಳುಗಳ ನಂತರ. ನನ್ನದೂ ಅಂಥ ದೊಡ್ಡ ಸಂಸಾರವೇನಲ್ಲ. ಗಂಡನ ಕೆಲಸ ದಾವಣಗೆರೆಯಲ್ಲಿ, ಮಗಳು ಹಾಸ್ಟೆಲಿನಲ್ಲಿ. ಆದರೆ ನನಗೆ ರೇಗಲು ಫೋನಿನ ಆ ಕಡೆ ಜನ ಇದ್ದರು.

ಒಂದು ಜೂನಿನಲ್ಲಿ ನಮ್ಮ ವಿಭಾಗಕ್ಕೆ ಇಬ್ಬರು ಕಾಯಂ ಉಪನ್ಯಾಸಕರು ವರ್ಗವಾಗಿ ಬಂದರು. ಬಂದವರಿಗೆ ಪಾಠ ಹಂಚಿದ ಮೇಲೆ ಇವರಿಗೆ ಏನೂ ಉಳಿಯಲಿಲ್ಲ. “ವರ್ಕ್‌ಲೋಡ್ ಇಲ್ಲ ಮೇಡಂ, ನಾನೇನು ಮಾಡ್ಲಿ?” ಎಂದರು ಪ್ರಾಂಶುಪಾಲರು. ಅವರನ್ನು ಬೈದು ಪ್ರಯೋಜನವಿರಲಿಲ್ಲ, ಆದರೂ ಬೈದೆ. ಕಾಯಂ ಇದ್ದವರು ನಿವೃತ್ತರಾದರೆ ಶಾಲು, ಹಾರ, ಹಣ್ಣಿನ ಬುಟ್ಟಿ, ಮುಗಿಯದ ಭಾಷಣಗಳು. ಅತಿಥಿಗೆ ಬೀಳ್ಕೊಡುಗೆ ಎಂಬುದಿಲ್ಲ. ಈ ವರ್ಷ ಕರೆಯಲಿಲ್ಲ, ಅಷ್ಟೆ. ಅವರು ಒಂದು ದಿನ ಬಂದು ಬೆಂಚಿನ ತುದಿಯಲ್ಲಿ ಸ್ವಲ್ಪ ಹೊತ್ತು ಕೂತರು. ಇಂಟರ್ನ್‌ಶಿಪ್ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು. “ಎಲ್ಲಿಗೆ ಹೋದ್ರೂ ಮೊದಲು ಕಾಫಿ ಕುಡೀರಿ ಮೇಡಂ, ಆಮೇಲೆ ವಿಷಯ ಎತ್ತಿ. ಬೇಡ ಅಂದ್ರೆ ಅವ್ರಿಗೆ ಬೇಜಾರಾಗುತ್ತೆ” ಎಂದಷ್ಟೇ ಹೇಳಿ ಎದ್ದರು. ಹೊರಗೆ ಜೋರು ಮಳೆ. ಅಟೆಂಡರು ಒಬ್ಬ ಕೊಡೆ ಇಲ್ಲದೆ ನಿಂತಿದ್ದ. ಅವನಿಗೆ ಒಂದು ಕೊಟ್ಟು ಗೇಟು ದಾಟಿ ಹೋದರು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಮಕ್ಕಳಿಗೆ ಜಾಗ ಹುಡುಕಲು ನಾನು ಹೊರಟೆ. ಮೊದಲು ಹೋದದ್ದು ಪೇಟೆಯಲ್ಲೇ ಇರುವ ಸರೋಜಮ್ಮನವರ ಕಾಫಿ ಪುಡಿ ಮಿಲ್ಲಿಗೆ. ಗಂಡ ತೀರಿಕೊಂಡ ಮೇಲೆ ಹುರಿಯುವುದು, ಪುಡಿ ಮಾಡುವುದು, ಮಾರುವುದು ಎಲ್ಲ ಅವರೇ. ನಾನು ನನ್ನ ಪರಿಚಯ ಹೇಳಿಕೊಂಡೆ. ಅವರು ಚಿಕೋರಿ ಅಳೆಯುತ್ತಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದರು.

“ಹೌದಾ? ಹೋದ ಶನಿವಾರ ಸರ್ ಬಂದಿದ್ರಲ್ಲ. ನಿಮ್ಮ ವಿಷಯ ಹೇಳಲೇ ಇಲ್ಲ!”

“ಯಾವ ಸರ್?”

“ನಿಮ್ಮ ಇಂಟರ್ನ್‌ಶಿಪ್ ಸರ್. ಇಲ್ಲೇ ಕೂತು ಕಾಫಿ ಕುಡಿದು ಹೋದ್ರು. ಈ ವರ್ಷ ಮಕ್ಕಳು ಬರೋದು ಸ್ವಲ್ಪ ತಡ ಆಗುತ್ತೆ ಅಂದ್ರು.”

ನನಗೆ ಆಗ ಅರ್ಥವಾಯಿತು. ಜೂನಿನಿಂದ ಅಲ್ಲಿಯವರೆಗೆ ಅವರು ಶನಿವಾರಗಳನ್ನು ಬಿಟ್ಟಿರಲಿಲ್ಲ. ನೋಡಲು ವಿದ್ಯಾರ್ಥಿಗಳಿಲ್ಲ, ಕೇಳಲು ಪ್ರಶ್ನೆಯಿಲ್ಲ, ಕಳಿಸಿದ ಕಾಲೇಜೂ ಇಲ್ಲ. ಆದರೂ ಜೀಪು ಹತ್ತಿ ಹೋಗಿ, ಒಂದೊಂದು ಕಡೆ ಕೂತು, ಕಾಫಿ ಕುಡಿದು ಬರುತ್ತಿದ್ದರು. ತಮ್ಮನ್ನು ಬಿಡಿಸಿದ್ದಾರೆ ಎಂದು ಯಾರಿಗೂ ಹೇಳಿರಲಿಲ್ಲ. ಈಗ ನಾನು ಬಾಯಿ ಬಿಟ್ಟರೆ ಅವರು ಇನ್ನು ಯಾವ ಬಾಗಿಲಿಗೂ ಬರುವ ಹಾಗಿರಲಿಲ್ಲ. ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಬೈದೇ ಅಭ್ಯಾಸ. ಆದರೂ ಹೇಳಿದೆ:

“ನಾನು ಅವರ ಅಸಿಸ್ಟೆಂಟು. ಈ ವರ್ಷ ಮಕ್ಕಳು ಜಾಸ್ತಿ, ಅವರೊಬ್ಬರಿಗೇ ಆಗಲ್ಲ.”

“ಹಾಗೆ ಹೇಳಿ ಮತ್ತೆ” ಎಂದು ಸರೋಜಮ್ಮ ಕಾಫಿಗೆ ನೀರಿಟ್ಟರು.

ಎರಡು ದಿನ ಬಿಟ್ಟು ಬಸ್‌ಸ್ಟ್ಯಾಂಡಿನ ಹತ್ತಿರ ಅವರು ಸಿಕ್ಕರು. ಕೈಯಲ್ಲಿ ಒಂದು ಉಪ್ಪಿನ ಪೊಟ್ಟಣ. ನನ್ನನ್ನು ಕಂಡು ದಾರಿ ಬದಲಿಸುವ ಹಾಗೆ ಮಾಡಿದರು. ಆಮೇಲೆ ಮನಸ್ಸು ಬದಲಾಯಿಸಿ ತಾವೇ ಹತ್ತಿರ ಬಂದರು.

“ಸರೋಜಮ್ಮನ ಹತ್ರ ಹೋಗಿದ್ರಂತೆ.”

“ಹೋಗಿದ್ದೆ.”

“ಎಂತ ಹೇಳಿದ್ರಿ?”

“ನಿಮ್ಮ ಅಸಿಸ್ಟೆಂಟು ಅಂದೆ.”

ಅವರ ಮುಖದಲ್ಲಿ ನಗು ಬರಲು ಸ್ವಲ್ಪ ಹೊತ್ತು ಹಿಡಿಯಿತು. “ಪಿಎಚ್‌ಡಿ ಮಾಡಿದ ಅಸಿಸ್ಟೆಂಟು. ನನ್ನ ಯೋಗ ನೋಡಿ” ಎಂದರು. ಹತ್ತಿರದ ಹೋಟೆಲಿಗೆ ಎಳೆದುಕೊಂಡು ಹೋದೆ. ಮೂಲೆಯ ಮೇಜಿನಲ್ಲಿ ಕೂತು ಬನ್ಸು ತರಿಸಿದೆ. ಅವರು ತಿನ್ನಲಿಲ್ಲ, ಪೊಟ್ಟಣವನ್ನು ಮೇಜಿನ ಮೇಲೆ ಆ ಕಡೆ ಈ ಕಡೆ ಸರಿಸುತ್ತಾ ಕೂತರು.

“ಕೆಲಸ ಇಲ್ಲದವ್ನು ಇನ್ನೊಬ್ರು ಕೆಲಸ ಮಾಡೋ ಜಾಗಕ್ಕೆ ಹೋಗಿ ಕೂತ್ರೆ ಎಂತ ಹೇಳೋದು ಮೇಡಂ? ಸುಮ್ನೆ ಬಂದೆ ಅನ್ಲಿಕ್ಕಾಗುತ್ತಾ? ಹುಡುಗರ ವಿಷಯಕ್ಕೆ ಬಂದೆ ಅಂದ್ರೆ ಕೂರ್ಲಿಕ್ಕೆ ಧೈರ್ಯ ಬರುತ್ತೆ.”

ನಾನು ಬನ್ಸಿನ ತಟ್ಟೆಯನ್ನು ಅವರ ಕಡೆ ಸರಿಸಿದೆ.

“ಕೋಣೇಲಿ ಮಾತೇ ಇಲ್ಲ ಮೇಡಂ. ಎರಡು ದಿನ ಹಾಗೇ ಹೋದ್ರೆ ನನ್ನ ದನಿ ಇದೆಯೋ ಇಲ್ವೋ ಅಂತ ಅನುಮಾನ ಬರುತ್ತೆ. ಆಗ ಅಂಗಡಿಗೆ ಹೋಗಿ ‘ಒಂದು ಉಪ್ಪು ಕೊಡಿ’ ಅಂತ ಕೇಳ್ತೇನೆ. ಅವ್ನು ‘ಕಲ್ಲುಪ್ಪಾ, ಪುಡಿ ಉಪ್ಪಾ’ ಅಂತಾನೆ. ನಾನು ‘ಪುಡಿ’ ಅಂತೇನೆ. ಅಷ್ಟು ಮಾತಾಯ್ತು.” ಪೊಟ್ಟಣ ತೋರಿಸಿ ನಕ್ಕರು. “ನನ್ನೊಬ್ಬನ ಸಾರಿಗೆ ಎಷ್ಟು ಉಪ್ಪು ಬೇಕು?”

ನಾನು ಹೋಟೆಲಿನ ಹುಡುಗನಿಗೆ ಬನ್ಸು ತಣ್ಣಗಿದೆಯೆಂದು ಬೈದೆ. ಆಮೇಲೆ ಇವರಿಗೆ ಹೇಳಿದೆ, “ಶನಿವಾರ ನೀವೇ ಹೋಗಿ ಬನ್ನಿ. ಮಕ್ಕಳನ್ನ ನೋಡಿ, ಪ್ರಶ್ನೆ ಕೇಳಿ. ನಾನು ವಾರದ ದಿನ ಹೋಗಿಬರ್ತೀನಿ. ಸಹಿ ನಂದು.”

“ಕಾಲೇಜಿನವ್ರು?”

“ಕಾಲೇಜಿನವರಿಗೆ ಬಾಳೂರು ಯಾವ ದಿಕ್ಕಿಗಿದೆ ಅಂತ ಗೊತ್ತಿದ್ರೆ ತಾನೆ?”

ಹಾಗೆ ಆ ವರ್ಷ ಕಳೆಯಿತು. ಮಕ್ಕಳೂ ಬಾಯಿ ಬಿಡಲಿಲ್ಲ. ಅವರಿಗೆ ಇವರೇ ಸರ್, ನಾನು ಸಹಿ ಹಾಕುವ ಮೇಡಂ. ಬಾಳೂರಿನ ದಾರಿಯಲ್ಲಿ ಇಬ್ರಾಹಿಂ ಸಾಹೇಬರ ಜೀಪು ಗ್ಯಾರೇಜಿದೆ. ಸುತ್ತಲಿನ ಎಸ್ಟೇಟುಗಳ ಜೀಪುಗಳೆಲ್ಲ ಕೆಟ್ಟರೆ ಬರುವುದು ಅಲ್ಲಿಗೇ. ಅಲ್ಲಿಗೆ ಸುಮಾ ಎಂಬ ಹುಡುಗಿಯನ್ನು ಹಾಕಿದಾಗ ನಾನು ಕುಣಿದಾಡಿದ್ದೆ: ಬಿಬಿಎ ಹುಡುಗಿಗೆ ಗ್ರೀಸಿನ ಜಾಗದಲ್ಲಿ ಏನು ಕೆಲಸ? ಇವರು, “ನೋಡೋಣ ಮೇಡಂ” ಎಂದಿದ್ದರು. ಅವಳ ಕೆಲಸದ ಕೊನೆಯ ಶನಿವಾರ ನಾನೂ ಜೊತೆಗೆ ಹೋಗಿದ್ದೆ. ಅಂಗಳದ ಹಲಸಿನ ಮರದ ಕೆಳಗೆ ಯಾವುದೋ ಹಳೆಯ ಜೀಪಿನಿಂದ ಕಿತ್ತ ಸೀಟು. ಅದು ಸರ್ ಕೂರುವ ಜಾಗ. ಕಾಫಿ ಬಂತು. ಪ್ರಶ್ನೆಯೂ ಬಂತು.

ಸಾಹೇಬರು ಕೈ ಒರೆಸಿಕೊಳ್ಳುತ್ತಾ ಯೋಚಿಸಿದರು. “ಇವಳು ಬರದಿದ್ರಾ ಸಾರ್? ಅಂಗಳ ನೋಡಿ. ಮೊದಲು ಇಲ್ಲಿ ನಡೀಲಿಕ್ಕೆ ಜಾಗ ಇರ್ಲಿಲ್ಲ. ರಿಪೇರಿ ಆದ ಜೀಪು ಯಾವ್ದು, ಆಗದ್ದು ಯಾವ್ದು, ನನಗೇ ನೆನಪಿರಲ್ಲ. ಇವಳು ದಿನಾ ಸಂಜೆ ಎಸ್ಟೇಟಿಗೆ ಫೋನ್ ಹಚ್ಚಿ ‘ನಿಮ್ಮ ಜೀಪು ಆಯ್ತು, ತಗೊಂಡು ಹೋಗಿ’ ಅಂತಾಳೆ. ನಾಳೆಯಿಂದ ಮತ್ತೆ ಅಂಗಳ ತುಂಬುತ್ತೆ.”

ಸರ್ ನನ್ನ ಕಡೆ ತಿರುಗಿ, “ಮೇಡಂ, ಎಷ್ಟು ಕೊಡ್ತೀರಿ?” ಎಂದರು. ಆ ಹೊತ್ತು ಅವರ ಮುಖದಲ್ಲಿ ಇದ್ದ ಖುಷಿಯನ್ನು ನಾನು ಕಾಲೇಜಿನೊಳಗೆ ಒಂದು ದಿನವೂ ಕಂಡಿರಲಿಲ್ಲ.

ಈ ವರ್ಷ ಫೆಬ್ರವರಿಯಲ್ಲಿ ಅವರು ಹೋದರು. ಬೆಳಿಗ್ಗೆ ಎದೆನೋವು. ಕೆಳಗಿನ ಟೈಲರು ಆಟೋ ಮಾಡಿಸಿ ಮೂಡಿಗೆರೆಯ ಆಸ್ಪತ್ರೆಗೆ, ಅಲ್ಲಿಂದ ಹಾಸನಕ್ಕೆ ಕರೆದುಕೊಂಡು ಹೋದರು. ಸಂಜೆಯೊಳಗೆ ಎಲ್ಲ ಮುಗಿದಿತ್ತು. ಚಿಕ್ಕಪ್ಪನ ಮಗ ಒಬ್ಬ ಬಂದು ಹಾಸನದಿಂದಲೇ ನೇರ ಊರಿಗೆ ಒಯ್ದ. ಮೂಡಿಗೆರೆಗೆ ಅವರು ವಾಪಸು ಬರಲೇ ಇಲ್ಲ. ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲಿನ ಸಂದೇಶ, ಅದರ ಕೆಳಗೆ ಕೈಮುಗಿದ ಚಿತ್ರಗಳು. ಯಾರೋ ಒಬ್ಬರು, ‘ಇವರು ಯಾರು, ಫೋಟೋ ಇದ್ದರೆ ಹಾಕಿ’ ಎಂದು ಕೇಳಿದ್ದರು. ಯಾರ ಹತ್ತಿರವೂ ಫೋಟೋ ಇರಲಿಲ್ಲ.

ನಾನು ಆ ಕೋಣೆಗೆ ಹೋದೆ. ಟೈಲರು ಬಾಗಿಲು ತೆಗೆದುಕೊಟ್ಟರು. ಒಂದು ಮಂಚ, ಒಂದು ಸ್ಟವ್, ಬಾಗಿಲ ಹಿಂದೆ ಎರಡು ಕೊಡೆ. ಗೋಡೆಯ ಹಲಗೆಯ ಮೇಲೆ ಒಡೆಯದ ಉಪ್ಪಿನ ಪೊಟ್ಟಣಗಳು ಒಂದರ ಮೇಲೊಂದು ಸೂರಿನವರೆಗೆ. “ಇಷ್ಟು ಉಪ್ಪು ಎಂತಕ್ಕೆ ಇಟ್ಕೊಂಡಿದ್ರೋ ದೇವರಿಗೇ ಗೊತ್ತು ಮೇಡಂ” ಎಂದರು ಟೈಲರು. ನನಗೆ ಗೊತ್ತಿತ್ತು. ಅಲ್ಲೇ ಮಂಚದ ಅಂಚಿನಲ್ಲಿ ಕೂತು ಅತ್ತೆ.

ಅವರು ಹೋಗುತ್ತಿದ್ದ ಜಾಗಗಳಲ್ಲಿ ಯಾರಿಗೂ ಸುದ್ದಿ ಮುಟ್ಟಿರಲಿಲ್ಲ. ಹೇಳುವ ಕೆಲಸ ನನ್ನದು. ಜೊತೆಗೆ ಇನ್ನೊಂದನ್ನೂ ಹೇಳಬೇಕಿತ್ತು: ಅವರು ಬಹಳ ಹಿಂದೆಯೇ ಕಾಲೇಜು ಬಿಟ್ಟವರು, ನಾನು ಅಸಿಸ್ಟೆಂಟೂ ಅಲ್ಲ, ಏನೂ ಅಲ್ಲ. ಸತ್ತವರ ಸುಳ್ಳನ್ನು ಬಯಲು ಮಾಡಬೇಕೋ, ಹಾಗೇ ಬಿಡಬೇಕೋ ಎಂದು ನನ್ನೊಳಗೇ ಜಗಳ. ಯಾರೋ ಒಬ್ಬರು ಮುಂದೆ ಕಾಲೇಜಿಗೆ ಬಂದು ವಿಚಾರಿಸಿ, “ಅವ್ರು ಇಲ್ಲಿ ಇರಲೇ ಇಲ್ವಲ್ಲ” ಎಂಬ ಉತ್ತರ ಕೇಳಿಸಿಕೊಂಡು ಹೋಗುವುದು ನನಗೆ ಬೇಡವಾಗಿತ್ತು. ಅದಕ್ಕಿಂತ ನಾನೇ ಹೇಳುವುದು ಮೇಲೆಂದು ತೀರ್ಮಾನಿಸಿ ಆ ಶನಿವಾರ ಬಾಳೂರಿನ ಜೀಪು ಹತ್ತಿದೆ. ಹಿಂದಿನ ದಿನ ಸಂಜೆಯಷ್ಟೇ ಹೂಮಳೆ ಬಿದ್ದಿತ್ತು. ಜೀಪಿನ ತುಂಬ ಖುಷಿಯ ಮಾತು. ಯಾರ ತೋಟಕ್ಕೆ ಎಷ್ಟು ಬಿತ್ತು, ಇನ್ನು ಸ್ಪ್ರಿಂಕ್ಲರ್ ಹಾಕುವುದು ಬೇಡ ಎಂದು ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ನಾನೊಬ್ಬಳೇ ಸಾವಿನ ಸುದ್ದಿ ಇಟ್ಟುಕೊಂಡು ಕೂತಿದ್ದೆ.

ಇಬ್ರಾಹಿಂ ಸಾಹೇಬರದೂ ಗ್ಯಾರೇಜಿನ ಹಿಂದೆ ಒಂದು ಚೂರು ಕಾಫಿ ಇದೆ. ನನ್ನನ್ನು ಕಂಡು ನಗುತ್ತಾ ಬಂದವರು, ನಾನು ಹೇಳಿದ್ದನ್ನು ಕೇಳಿ ಅಲ್ಲೇ ಟಯರಿನ ಮೇಲೆ ಕೂತುಬಿಟ್ಟರು. ತುಸು ಹೊತ್ತಿಗೆ ಎದ್ದು ಒಳಗೆ ಹೋಗಿ ಕೈಕಾಲು ತೊಳೆದು ಬಂದರು. ಆಮೇಲೆ ನಾನು ಎರಡನೆಯದನ್ನು ಹೇಳಲು ಹೊರಟೆ.

“ಸಾಹೇಬ್ರೇ, ಇನ್ನೊಂದು ವಿಷಯ. ಅವರು ಕಾಲೇಜಿನಲ್ಲಿ…”

“ಗೊತ್ತುಂಟು ಮೇಡಂ.”

“ಏನು ಗೊತ್ತು?”

“ಬಿಡಿಸಿದ್ದು. ಆ ಮಳೆಗಾಲದಲ್ಲೇ ಗೊತ್ತಾಯ್ತು. ಕಾಲೇಜಿನ ಅಟೆಂಡರ್ ಭಾವನ ಜೀಪು ಇಲ್ಲೇ ಬರೋದು. ಸರೋಜಮ್ಮನಿಗೂ ಗೊತ್ತು, ಎಲ್ಲರಿಗೂ ಗೊತ್ತು.”

“ಮತ್ತೆ ನೀವ್ಯಾರೂ ಒಂದು ಮಾತೂ…”

“ಕೇಳಿದ್ರೆ ಬರೋದು ಬಿಡ್ತಿದ್ರಲ್ಲ ಮೇಡಂ.”

ಅಂದರೆ ಅಷ್ಟು ದಿನ ಸರ್ ಈ ಜನರ ಮುಂದೆ ಸುಳ್ಳು ಹೇಳುತ್ತಿದ್ದರು, ಈ ಜನ ಸರ್ ಮುಂದೆ. ನಡುವೆ ನಾನು ಸರೋಜಮ್ಮನ ಮುಂದೆ ಅಸಿಸ್ಟೆಂಟ್ ಎಂದು ನಿಂತಾಗ ಆಕೆ ‘ಹಾಗೆ ಹೇಳಿ ಮತ್ತೆ’ ಎಂದು ಸಮಾಧಾನದಿಂದ ಕಾಫಿಗೆ ನೀರಿಟ್ಟದ್ದು ನೆನಪಾಯಿತು. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಒಂದೇ ಒಂದು ಸಲ ಇದು ಅವರಿಗೆ ತಿಳಿದಿದ್ದರೆ! ‘ಸುಮ್ಮನೆ ಬಂದೆ’ ಎಂದು ಹೇಳಿಯೇ ಅವರು ಆ ಸೀಟಿನ ಮೇಲೆ ಕೂರಬಹುದಿತ್ತು.

ಕಾಫಿ ಬಂತು. ಕುಡಿದೆ. ಕುಡಿದ ಮೇಲೆ, ನಾನು ಯೋಚಿಸುವ ಮೊದಲೇ ಆ ಪ್ರಶ್ನೆ ನನ್ನ ಬಾಯಿಂದ ಹೊರಗೆ ಬಂದಿತ್ತು.

“ಸಾಹೇಬ್ರೇ, ಇನ್ನು ಸರ್ ಬರದಿದ್ರೆ ನಿಮಗೆ ಏನು ತೊಂದ್ರೆ?”

ಅವರು ಹಲಸಿನ ಮರದ ಕಡೆ ನೋಡಿದರು. “ಶನಿವಾರ ಮಧ್ಯಾಹ್ನ ನಾನು ಜೀಪಿನ ಕೆಳಗೆ ಮಲಗಿದ್ರೂ ಕಿವಿ ರಸ್ತೆ ಕಡೆ ಇರುತ್ತೆ ಮೇಡಂ. ಸರ್ ಬಂದ್ರೇ ನನಗೆ ಊಟದ ನೆನಪು. ಮನೆಯವಳೂ ಅಷ್ಟೇ, ಸರ್ ಬರೋ ವಾರ ಅವರು ಬಂದ ಮೇಲೇ ಅನ್ನ ಬಡಿಸೋದು. ಇನ್ನು ಶನಿವಾರ ಯಾರು ಎಬ್ಬಿಸ್ತಾರೆ ನನ್ನ?”

ಒಳ್ಳೆಯ ಉತ್ತರ. ಆದರೆ ಅದು ಹೂಮಳೆಯ ವಾರ. ಸರ್ ಅವರ ನಿಯಮದ ಪ್ರಕಾರ ಈ ಉತ್ತರವನ್ನು ಲೆಕ್ಕಕ್ಕೆ ಹಿಡಿಯುವ ಹಾಗಿರಲಿಲ್ಲ. ಸಾವಿನ ಸುದ್ದಿ ಕೇಳಿದ ಕೂಡಲೇ ಆಡಿದ ಮಾತು ಬೇರೆ. ನಾಲ್ಕು ದಿನಕ್ಕೆ ಎಲ್ಲರೂ ಅವರವರ ಕೆಲಸಕ್ಕೆ ಹತ್ತಿಕೊಳ್ಳುತ್ತಾರೆ. ಕಾಲೇಜಿನಲ್ಲಿ ನಾನು ಅದನ್ನು ನೋಡಿದ್ದೆ. ವಾರ ಕಳೆದು ಮತ್ತೆ ಬಂದು ಕೇಳಬೇಕು ಎಂದುಕೊಂಡು ಹಿಂತಿರುಗಿದೆ.

ಮುಂದಿನ ಶನಿವಾರ ಹೋದೆ. ದಾರಿಯುದ್ದಕ್ಕೂ ತೋಟಗಳು ಬೆಳ್ಳಗೆ ಹೂ ಬಿಟ್ಟಿದ್ದವು. ವಾಸನೆ ಎಷ್ಟೆಂದರೆ ಜೀಪಿನಲ್ಲಿ ಒಬ್ಬಾಕೆ ತಲೆನೋವೆಂದು ಸೆರಗು ಮುಚ್ಚಿಕೊಂಡಳು. ಗ್ಯಾರೇಜಿನ ಮುಂದೆ ಇಳಿದೆ. ಅಂಗಳದಲ್ಲಿ ಯಾರೂ ಕಾಣಲಿಲ್ಲ. ನಡುವೆ ಒಂದು ಜೀಪು, ಅದರ ಕೆಳಗಿನಿಂದ ಚಾಚಿದ್ದ ಎರಡು ಕಾಲು. ಹಲಸಿನ ಮರದ ಕೆಳಗಿನ ಸೀಟನ್ನು ಯಾರೋ ಒರೆಸಿಟ್ಟಿದ್ದರು. ನಾನು ಕರೆಯಲಿಲ್ಲ. ಜಲ್ಲಿಯ ಮೇಲೆ ನನ್ನ ಹೆಜ್ಜೆ ಸದ್ದಾಯಿತು, ಅಷ್ಟೆ.

“ಬಂದ್ರಾ ಸಾರ್!” ಎನ್ನುತ್ತಾ ಸಾಹೇಬರು ಬೆನ್ನ ಮೇಲೇ ಜಾರಿಕೊಂಡು ಹೊರಗೆ ಬಂದರು.

ಬಂದು ನನ್ನ ಮುಖ ನೋಡಿದರು. ಕೈಯಲ್ಲಿದ್ದ ಸ್ಪ್ಯಾನರು ಹಾಗೇ ಎದೆಯ ಮೇಲೆ ನಿಂತಿತು. ನಾನು ಏನೂ ಕೇಳಲಿಲ್ಲ.